ಹಾಡುಗಾರನ ದೊಡ್ಡತನ

‘ಮಹಾನ್’ ಎಂಬ ಮಾತಿಗೆ ನಮ್ಮಲ್ಲಿ ಬೆಲೆ ಇಳಿದು ಬಹುಕಾಲವಾಯಿತು. ಸಭೆಯಲ್ಲಿ ಹಾರ ಹಾಕಿಸಿಕೊಂಡವರೆಲ್ಲ ಮಹನೀಯರು. ಅಧ್ಯಕ್ಷಪೀಠದಲ್ಲಿ ಕುಳಿತವರೆಲ್ಲ ಮಹಾಚೇತನರು. ವಂದನಾರ್ಪಣೆ ಮಾಡುವವರು ಈ ಮಾತನ್ನು ರಾಮನವಮಿಯ ಕೋಸಂಬರಿಯಂತೆ ಹಂಚುತ್ತಾರೆ. ಕೈ ನೀಡಿದ ಯಾರಿಗೂ ಇಲ್ಲವೆನ್ನುವುದಿಲ್ಲ. ಹೀಗಿರುವಾಗ ದೂರದ ಅಮೆರಿಕದ ಒಬ್ಬ ರಾಕ್ ಸಂಗೀತಗಾರನಿಗೆ ಆ ಮಾತು ಸಲ್ಲುತ್ತದೆಯೆ, ಇಲ್ಲವೆ ಎಂಬ ಜಿಜ್ಞಾಸೆಗೆ ಕೂಡುವುದು ಕೆಲಸವಿಲ್ಲದವರ ಕೆಲಸವೆಂದು ವಾಚಕರಿಗೆ ತೋರಿದರೆ ಆಶ್ಚರ್ಯವಿಲ್ಲ. ಆದರೆ ಈ ಪ್ರಶ್ನೆ ಅವನೊಬ್ಬನಿಗೆ ಸಂಬಂಧಿಸಿದ್ದಲ್ಲ. ಯಾರನ್ನು ನಾವು ದೊಡ್ಡವರೆಂದು ಒಪ್ಪುತ್ತೇವೆ, ಯಾವ ಕಾರಣಕ್ಕಾಗಿ ಒಪ್ಪುತ್ತೇವೆ ಎಂಬುದರಲ್ಲಿ ನಮ್ಮ ತೂಕವೂ ತಿಳಿದುಬರುತ್ತದೆ.

ನಾನು ಹೇಳಹೊರಟಿರುವುದು ಬ್ರೂಸ್ ಸ್ಪ್ರಿಂಗ್‌ಸ್ಟೀನನ ವಿಚಾರ. ಈತ 1949ರಲ್ಲಿ ನ್ಯೂಜೆರ್ಸಿ ಸಂಸ್ಥಾನದಲ್ಲಿ ಹುಟ್ಟಿ ಅಲ್ಲಿಯ ಫ್ರೀಹೋಲ್ಡ್ ಎಂಬ ಸಣ್ಣ ಊರಿನಲ್ಲಿ ಬೆಳೆದವನು. ತಂದೆ ಒಂದು ಕೆಲಸದಲ್ಲಿ ನೆಲೆ ನಿಂತವನಲ್ಲ. ಊರಿನ ರತ್ನಗಂಬಳಿ ಕಾರ್ಖಾನೆಯಲ್ಲಿ ಕೆಲವು ಕಾಲ, ಬಸ್ಸು ಓಡಿಸುತ್ತ ಕೆಲವು ಕಾಲ, ಕೆಲಸವೇ ಇಲ್ಲದೆ ಕೆಲವು ಕಾಲ ಕಳೆದವನು. ವಕೀಲರ ಕಚೇರಿಯಲ್ಲಿ ದುಡಿಯುತ್ತಿದ್ದ ತಾಯಿ ಸಾಲ ಮಾಡಿ ಮಗನಿಗೆ ಗಿಟಾರು ಕೊಡಿಸಿದಳು. ಆ ಹುಡುಗ ಮುಂದೆ ಹಾಡು ಕಟ್ಟಿ, ತಂಡ ಕಟ್ಟಿ, ಅರ್ಧ ಶತಮಾನಕ್ಕೂ ಮಿಕ್ಕಿ ಹಾಡಿದ್ದಾನೆ. ನಮ್ಮ ದೇಶಕ್ಕೂ ಒಮ್ಮೆ ಬಂದವನೇ: ಮಾನವ ಹಕ್ಕುಗಳ ವಿಶ್ವ ಘೋಷಣೆಗೆ 40 ವರ್ಷ ತುಂಬಿದ ಸಂದರ್ಭದಲ್ಲಿ ಆಮ್ನೆಸ್ಟಿ ಸಂಸ್ಥೆಯ ಪರವಾಗಿ ನಡೆದ ಸಂಚಾರದಲ್ಲಿ, 1988ರ ಸೆಪ್ಟೆಂಬರ್ 30ರಂದು, ದೆಹಲಿಯ ಜವಾಹರಲಾಲ್ ನೆಹರು ಕ್ರೀಡಾಂಗಣದಲ್ಲಿ ಹಾಡಿದ. ಆತನ ಹಾಡುಗಳಲ್ಲಿ ಬರುವವರು ಹೆಚ್ಚಾಗಿ ಗಿರಣಿಯವರು, ಗ್ಯಾರೇಜಿನವರು, ಕೆಲಸ ಕಳೆದುಕೊಂಡವರು, ಯುದ್ಧದಿಂದ ಹಿಂತಿರುಗಿ ಬಂದು ಊರಿಗೆ ಬೇಡವಾದವರು.

ಮೊದಲು ಸುಳ್ಳು ಅಳತೆಗೋಲುಗಳನ್ನು ಬದಿಗಿಡೋಣ. ಜನಪ್ರಿಯತೆ ಅವುಗಳಲ್ಲಿ ಒಂದು. ‘ಬಾರ್ನ್ ಟು ರನ್’ ಎಂಬ ಧ್ವನಿಮುದ್ರಿಕೆ ಹೊರಬಂದ ಎರಡು ತಿಂಗಳಿಗೆ, 1975ರ ಅಕ್ಟೋಬರ್ 27ರ ಸಂಚಿಕೆಗಳಲ್ಲಿ, ‘ಟೈಮ್’ ಮತ್ತು ‘ನ್ಯೂಸ್‌ವೀಕ್’ ಎರಡೂ ಈತನ ಚಿತ್ರವನ್ನೇ ಮುಖಪುಟದಲ್ಲಿ ಅಚ್ಚುಹಾಕಿದುವು. ಇದರಿಂದ ಸಿದ್ಧವಾಗುವುದು ಇಷ್ಟೇ: ಇಬ್ಬರು ಸಂಪಾದಕರಿಗೆ ಒಂದೇ ವಾರದಲ್ಲಿ ಒಂದೇ ಯೋಚನೆ ಬಂತು. ಲಕ್ಷಾಂತರ ಜನ ಕೊಂಡ ವಸ್ತುಗಳಲ್ಲಿ ಹಲ್ಲುಪುಡಿಯೂ ಇದೆ. ಮಾರಾಟದ ಸಂಖ್ಯೆ ದೊಡ್ಡತನಕ್ಕೆ ಸಾಕ್ಷಿಯಾಗಲಾರದು. ಅದಕ್ಕೆ ವಿರುದ್ಧವಾದ ಸಾಕ್ಷಿಯೂ ಅಲ್ಲ ಎಂಬುದನ್ನು, ಜನಪ್ರಿಯವಾದುದೆಲ್ಲ ಅಗ್ಗವೆಂದು ಮೂಗು ಮುರಿಯುವವರು ನೆನಪಿಡಬೇಕು.

ಎರಡನೆಯ ಅಳತೆಗೋಲು ವಿದ್ವತ್ತು. ಕಚೇರಿ ಕೇಳಿ ಕೇಳಿ ಕಿವಿ ಪಳಗಿದ ನನ್ನ ಸ್ನೇಹಿತರೊಬ್ಬರಿಗೆ ಈತನ ಹಾಡು ಕೇಳಿಸಿದೆ. “ಇವನಿಗೆ ಶ್ರುತಿಗಿಂತ ಉಸಿರು ಜಾಸ್ತಿ ಕಣಯ್ಯ” ಎಂದರು. ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಒರಟು ಕಂಠ, ಹಾಡಿನ ಸ್ವರರಚನೆ ಬಹುಪಾಲು ಸರಳ, ಗಿಟಾರು ನುಡಿಸುವುದರಲ್ಲಿ ಈತನನ್ನು ಮೀರಿಸಿದವರು ಎಷ್ಟೋ ಮಂದಿ. ಆದರೆ ಏಕತಾರಿ ಹಿಡಿದು ತತ್ವಪದ ಹಾಡುವವನನ್ನು ರಾಗಾಲಾಪನೆಯ ವಿಸ್ತಾರದಿಂದ ಅಳೆಯುವವರುಂಟೆ? ಒಂದೊಂದು ಕಲೆಗೂ ತನ್ನದೇ ಆದ ಸಾಮಗ್ರಿಯಿದೆ. ರಾಕ್ ಸಂಗೀತದಲ್ಲಿ ಮಾತು, ತಾಳ, ದನಿ, ನಿಂತು ಹಾಡುವ ಮೈ ಇಷ್ಟೂ ಸೇರಿ ಒಂದು ಪದಾರ್ಥವಾಗುತ್ತದೆ. ಬಿಡಿಸಿ ತೂಗಿದರೆ ಒಂದೊಂದೂ ಹಗುರವೇ. ಹಾಗೆಂದು ಮೈಯ ಕಸುವನ್ನೇ ದೊಡ್ಡದು ಮಾಡಬೇಕಾಗಿಯೂ ಇಲ್ಲ. 2012ರ ಜುಲೈ 31ರಂದು ಹೆಲ್ಸಿಂಕಿ ನಗರದಲ್ಲಿ ಈತ ನಾಲ್ಕು ಗಂಟೆಗೂ ಮೀರಿ ಹಾಡಿದ, ವಯಸ್ಸು ಆಗ 62. ಮೆಚ್ಚತಕ್ಕದ್ದೇ, ಆದರೆ ಗರಡಿಯ ಉಸ್ತಾದರಿಗೂ ಆ ಮೆಚ್ಚಿಗೆ ಸಲ್ಲುತ್ತದೆ.

ನಿಜವಾದ ಆಕ್ಷೇಪಣೆ ಇವೆರಡೂ ಅಲ್ಲ. ಅದು ಕನ್ನಡಿಗರಿಗೆ ಸಹಜವಾಗಿಯೇ ಹೊಳೆಯುವಂಥದು. ನಡೆ ನುಡಿ ಒಂದಾಗಿರಬೇಕೆಂಬುದು ವಚನಕಾರರು ನಮಗೆ ಕಲಿಸಿಕೊಟ್ಟ ಪಾಠ. ಕಾಯಕವನ್ನು ಕುರಿತು ನುಡಿದವರು ಸ್ವತಃ ಕಾಯಕ ಮಾಡಿದವರು. ದೋಣಿ ನಡೆಸಿದವರು, ಹಗ್ಗ ಹೊಸೆದವರು. ಆ ಒರೆಗಲ್ಲಿಗೆ ಈತನನ್ನು ಉಜ್ಜಿ ನೋಡಿದರೇನಾಗುತ್ತದೆ? ಕಾರ್ಖಾನೆಯನ್ನು ಕುರಿತು ಇಷ್ಟೆಲ್ಲ ಹಾಡಿದವನು ಕಾರ್ಖಾನೆಯಲ್ಲಿ ಒಂದು ದಿನವೂ ದುಡಿದವನಲ್ಲ. ಯುದ್ಧದ ಗಾಯವನ್ನು ಹಾಡಿದವನು ಯುದ್ಧಕ್ಕೆ ಹೋದವನಲ್ಲ. 1969ರಲ್ಲಿ ಸೈನ್ಯದ ಕರೆ ಬಂದಾಗ, ಹಿಂದೆ ಮೋಟಾರ್ ಸೈಕಲ್ ಅಪಘಾತದಲ್ಲಿ ತಲೆಗೆ ಬಿದ್ದಿದ್ದ ಪೆಟ್ಟು ನೆಪವಾಗಿ, ವೈದ್ಯಪರೀಕ್ಷೆಯಲ್ಲಿ ಅನರ್ಹನೆನಿಸಿಕೊಂಡು ಮನೆಗೆ ಹಿಂತಿರುಗಿದ. ಇಲ್ಲದವರ ಪಾಡನ್ನು ಹಾಡಿದವನು 2021ರ ಡಿಸೆಂಬರಿನಲ್ಲಿ ತನ್ನ ಹಾಡುಗಳ ಹಕ್ಕನ್ನೆಲ್ಲ ಸೋನಿ ಕಂಪನಿಗೆ ಮಾರಿದ. ಪತ್ರಿಕೆಗಳ ವರದಿಯ ಪ್ರಕಾರ ಬೆಲೆ ಸುಮಾರು 50 ಕೋಟಿ ಡಾಲರು. ಬಡತನವನ್ನು ಹಾಡಿ ಹಣವಂತನಾದವನಿಗೆ ಯಾವ ಹೆಸರು ಕೊಡಬೇಕು?

ಇಲ್ಲಿ ನನ್ನ ಸ್ವಂತದ ಮಾತೊಂದನ್ನು ಸೇರಿಸುವುದು ಅಗತ್ಯ. ಏಕೆಂದರೆ ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದುದಲ್ಲ. ನನ್ನ ತಂದೆಯವರು ಬೆಂಗಳೂರಿನ ಒಂದು ಬಟ್ಟೆ ಗಿರಣಿಯಲ್ಲಿ ಮೂವತ್ತೊಂದು ವರ್ಷ ಮಗ್ಗ ನೋಡಿಕೊಂಡವರು. ಮಗ್ಗದ ಸದ್ದಿನಲ್ಲಿ ಅಲ್ಲಿ ಯಾರಿಗೆ ಯಾರ ಮಾತೂ ಕೇಳುತ್ತಿರಲಿಲ್ಲವಂತೆ; ತುಟಿ ನೋಡಿ, ಕೈ ನೋಡಿ ತಿಳಿದುಕೊಳ್ಳುತ್ತಿದ್ದರಂತೆ. ಆ ಅಭ್ಯಾಸ ಮನೆಗೂ ಬಂತು. ನಮ್ಮ ತಾಯಿ ಊಟಕ್ಕೆ ಬಡಿಸುವಾಗ ಹುಳಿಯೋ ಮಜ್ಜಿಗೆಯೋ ಎಂದು ಬಾಯಿಂದ ಕೇಳುತ್ತಿರಲಿಲ್ಲ. ಸೌಟನ್ನು ಎತ್ತಿ ತೋರಿಸುತ್ತಿದ್ದರು. ಹರಿಕಥೆಗೆ ಹೋದರೆ ತಂದೆಯವರು ಎಲ್ಲರಿಗಿಂತ ಮುಂದೆ, ದಾಸರ ಕಾಲ ಬುಡದಲ್ಲೇ ಕೂರುತ್ತಿದ್ದರು. ಅದನ್ನು ಭಕ್ತಿಯೆಂದು ನೆರೆಹೊರೆಯವರು ಹೊಗಳುತ್ತಿದ್ದರು.

1978ರ ಒಂದು ಮುದ್ರಿಕೆಯಲ್ಲಿ ಸ್ಪ್ರಿಂಗ್‌ಸ್ಟೀನನ ‘ಫ್ಯಾಕ್ಟರಿ’ ಎಂಬ ಹಾಡಿದೆ. ಎರಡು ನಿಮಿಷಕ್ಕೆ ಸ್ವಲ್ಪ ಮಿಕ್ಕಿದ್ದು. ಬೆಳಗ್ಗೆ ಗೇಟಿನೊಳಗೆ ಹೋಗುವ ಒಬ್ಬ ತಂದೆ. ಅವನ ಕಿವಿಯನ್ನು ಕಾರ್ಖಾನೆ ತೆಗೆದುಕೊಳ್ಳುತ್ತದೆ, ಬದುಕನ್ನು ಕೊಡುತ್ತದೆ. ಹಾಡಿನಲ್ಲಿ ಇದಕ್ಕಿಂತ ಹೆಚ್ಚಿಗೆ ಏನೂ ಇಲ್ಲ. ಅದನ್ನು ಕೇಳಿದಾಗ ನನಗೆ ಏಕಕಾಲದಲ್ಲಿ ಎರಡು ಭಾವನೆ ಬಂತು. ಇಂದಿಗೂ ಎರಡೂ ಇವೆ. ಒಂದು ಕೋಪ: ಮಗ್ಗದ ಮುಂದೆ ನಿಲ್ಲದ ಇವನಿಗೆ ನನ್ನ ತಂದೆಯ ಕಿವಿಯ ಮಾತೇಕೆ? ಇನ್ನೊಂದು ಕೃತಜ್ಞತೆ: ನಮ್ಮ ಮನೆಯಲ್ಲಿ ಮೂವತ್ತು ವರ್ಷ ಯಾರೂ ಆಡದ ಮಾತನ್ನು ಒಬ್ಬನಾದರೂ ಆಡಿದನಲ್ಲ! ತಂದೆಯವರು ಅದನ್ನು ಎಂದೂ ಹೇಳಿಕೊಂಡವರಲ್ಲ. ನಿಂತು ದುಡಿದವನಿಗೆ ಹೇಳಿಕೊಳ್ಳಲು ಪುರುಸೊತ್ತಿಲ್ಲ. ಹೇಳಿಕೊಂಡರೂ ಅವನ ದನಿ ಅವನಿಗೇ ಕೇಳಿಸದು. ಅನುಭವಿಸಿದವರು ಮಾತ್ರವೇ ನುಡಿಯತಕ್ಕದ್ದು ಎಂದು ಕಟ್ಟುಮಾಡಿದರೆ ಪ್ರಪಂಚದ ಬಹುಪಾಲು ಕಷ್ಟ ಮೂಕವಾಗಿಯೇ ಉಳಿಯುತ್ತದೆ. ಆದುದರಿಂದ ಹಾಡುವ ಹಕ್ಕು ಅನುಭವದಿಂದ ಮಾತ್ರ ಬರುವುದಲ್ಲ, ಋಣದಿಂದಲೂ ಬರುತ್ತದೆ ಎಂದು ನನಗೆ ತೋರುತ್ತದೆ. ತಂದೆಯ ಕೂಲಿಯಿಂದ ಬೆಳೆದ ಮಗನಿಗೆ ಆ ಕೂಲಿಯನ್ನು ಕುರಿತು ನುಡಿಯುವ ಹಕ್ಕುಂಟು. ಆದರೆ ಋಣವೆಂದ ಮೇಲೆ ಲೆಕ್ಕವೂ ಉಂಟು. ಅದನ್ನು ಹೇಗೆ ತೀರಿಸಿದ ಎಂದು ಕೇಳಬೇಕಾಗುತ್ತದೆ.

ಕಲಾವಿದ ತೀರಿಸುವ ಬಗೆಯೆಂದರೆ, ತಾನು ಹಾಡಿದ ಮನುಷ್ಯನನ್ನು ಚಿಕ್ಕವನನ್ನಾಗಿ ಮಾಡದಿರುವುದು. ಕೇಳುವವರ ಕಣ್ಣೀರಿಗಾಗಿ ಅವನನ್ನು ಬೊಂಬೆಯಾಗಿಸಬಾರದು. ಚಪ್ಪಾಳೆಗಾಗಿ ವೀರನನ್ನಾಗಿಸಲೂ ಬಾರದು. ಈ ದೃಷ್ಟಿಯಿಂದ ‘ನೆಬ್ರಾಸ್ಕ’ ಆತನ ಕೆಲಸದಲ್ಲಿ ಮೇಲಾದುದು. 1982ರ ಜನವರಿಯಲ್ಲಿ, ಬಾಡಿಗೆ ಮನೆಯ ಕೋಣೆಯಲ್ಲಿ ಒಬ್ಬನೇ ಕುಳಿತು, ನಾಲ್ಕು ದಾರಿಯ ಸಾಧಾರಣ ಕ್ಯಾಸೆಟ್ ಯಂತ್ರದಲ್ಲಿ ಆ ಹಾಡುಗಳನ್ನು ಹಾಡಿಕೊಂಡ. ತಂಡದೊಡನೆ ಮತ್ತೆ ನುಡಿಸಿ ನೋಡಿದರೆ ಜೀವ ಕುಂದಿತು. ಕೊನೆಗೆ ಆ ಕ್ಯಾಸೆಟ್ಟನ್ನೇ ಮುದ್ರಿಕೆಯಾಗಿ ಹೊರತಂದ. ಮೊದಲ ಹಾಡು 1958ರ ಸುಮಾರಿಗೆ ಹನ್ನೊಂದು ಮಂದಿಯನ್ನು ಕೊಂದು, 1959ರಲ್ಲಿ ಮರಣದಂಡನೆ ಅನುಭವಿಸಿದ ಚಾರ್ಲ್ಸ್ ಸ್ಟಾರ್ಕ್‌ವೆದರ್ ಎಂಬ ಹುಡುಗನ ಬಾಯಲ್ಲಿ ‘ನಾನು’ ಎಂದು ಹಾಡಿದುದು. ಅಲ್ಲಿ ಕೊಲೆಗೆ ಸಮರ್ಥನೆಯಿಲ್ಲ, ಧಿಕ್ಕಾರವೂ ಇಲ್ಲ. ಇಂಥವನೂ ನಮ್ಮಂತೆಯೇ ಮಾತನಾಡುತ್ತಾನೆ ಎಂಬ ಅರಿವು ಮಾತ್ರ ಕೇಳುವವನ ಎದೆಯಲ್ಲಿ ತಣ್ಣಗೆ ಇಳಿಯುತ್ತದೆ. ಈ ಹಾಡನ್ನು ಹಾಡಲು ಕೊಲೆ ಮಾಡಿರಬೇಕೆಂದು ಯಾರೂ ಕೇಳುವುದಿಲ್ಲವಷ್ಟೆ? ಹಾಗಾದರೆ ‘ಫ್ಯಾಕ್ಟರಿ’ ಹಾಡಿಗೆ ಹಾಜರಿ ಪುಸ್ತಕ ತೋರಿಸೆಂದು ಕೇಳುವುದೂ ನ್ಯಾಯವಲ್ಲ.

ಇನ್ನು ‘ಬಾರ್ನ್ ಇನ್ ದಿ ಯು.ಎಸ್.ಎ.’ ಹಾಡಿನ ಕಥೆ ಅಷ್ಟು ಸರಳವಲ್ಲ. ವಿಯಟ್ನಾಮಿನಿಂದ ಮರಳಿ ಬಂದು ಕೆಲಸ ಸಿಗದೆ ಅಲೆಯುವವನ ಹಾಡು ಅದು. 1982ರಲ್ಲಿ ‘ನೆಬ್ರಾಸ್ಕ’ದ ಹಾಡುಗಳ ಜೊತೆಯಲ್ಲೇ ಒಂಟಿ ಗಿಟಾರಿಗೆ ಹಾಡಿದ ಅದರ ಮೊದಲ ರೂಪವೂ ಉಳಿದಿದೆ, 1998ರಲ್ಲಿ ಪ್ರಕಟವಾಯಿತು. ಅದನ್ನು ಕೇಳಿದವರಿಗೆ ಅರ್ಥದಲ್ಲಿ ಸಂಶಯವೇ ಬರದು. ಆದರೆ 1984ರಲ್ಲಿ ಹೊರಬಂದ ರೂಪಕ್ಕೆ ವಿಜಯಯಾತ್ರೆಯ ನಗಾರಿಯಂತಹ ಡ್ರಮ್ಮಿನ ಆರ್ಭಟ ಸೇರಿತು. ಪಲ್ಲವಿಯೊಂದನ್ನೇ ಕೇಳಿದವರಿಗೆ ಅದು ದೇಶಭಕ್ತಿಗೀತೆಯಾಯಿತು. ಅದೇ ವರ್ಷದ ಸೆಪ್ಟೆಂಬರ್ 19ರಂದು ಚುನಾವಣಾ ಪ್ರಚಾರಕ್ಕೆ ನ್ಯೂಜೆರ್ಸಿಗೆ ಬಂದ ಅಧ್ಯಕ್ಷ ರೇಗನ್, ಭರವಸೆಯ ಸಂದೇಶ ಕೊಡುವವನೆಂದು ಈತನ ಹೆಸರೆತ್ತಿ ಹೊಗಳಿದರು. ಕೆಲವೇ ದಿನಗಳಲ್ಲಿ ಪಿಟ್ಸ್‌ಬರ್ಗ್ ನಗರದ ವೇದಿಕೆಯ ಮೇಲೆ ಈತ, ಅಧ್ಯಕ್ಷರು ನನ್ನ ಯಾವ ಮುದ್ರಿಕೆ ಕೇಳುತ್ತಾರೋ, ‘ನೆಬ್ರಾಸ್ಕ’ವಂತೂ ಇರಲಾರದು ಎಂಬ ಅರ್ಥದ ಮಾತಾಡಿ, ಕಾರ್ಖಾನೆ ಮುಚ್ಚಿ ದಿಕ್ಕುಗೆಟ್ಟವನೊಬ್ಬನ ಹಾಡು ಹಾಡಿದ.

ಅಭಿಮಾನಿಗಳು ಈ ಪ್ರಸಂಗವನ್ನು ರೇಗನ್ನರ ಅಜ್ಞಾನಕ್ಕೆ ಉದಾಹರಣೆಯಾಗಿ ಹೇಳುತ್ತಾರೆ. ತಪ್ಪನ್ನೆಲ್ಲ ಕೇಳಿದವರ ಮೇಲೆ ಹೊರಿಸುವುದು ನನಗೆ ಸಮ್ಮತವಲ್ಲ. ನಗಾರಿ ಬಾರಿಸಿದವನು ಯಾರು? ಆ ಆರ್ಭಟವಿಲ್ಲದಿದ್ದರೆ ಮುದ್ರಿಕೆ ಕೋಟಿಗಟ್ಟಲೆ ಮಾರಾಟವಾಗುತ್ತಿತ್ತೆ? ದುಃಖಕ್ಕೆ ಉತ್ಸವದ ಬಟ್ಟೆ ತೊಡಿಸಿದ ಲಾಭ ಆತನಿಗೆ ಬಂದಿದೆ. ಅದರ ಹೊಣೆಯಲ್ಲಿ ಒಂದು ಪಾಲೂ ಆತನದೇ. ಇಷ್ಟು ಹೇಳಿದ ಮೇಲೆ ಇನ್ನೊಂದು ಪಕ್ಕವನ್ನೂ ಹೇಳಬೇಕು. ಆತನ ಮೊದಲ ತಂಡದಲ್ಲಿ ಡ್ರಮ್ ಬಾರಿಸುತ್ತಿದ್ದ ಹುಡುಗ 1967ರಲ್ಲಿ ವಿಯಟ್ನಾಮಿನಲ್ಲಿ ಸತ್ತ. ತನ್ನ ಬದಲಿಗೆ ಯಾರು ಹೋದರೋ ಎಂಬ ಯೋಚನೆ ತನ್ನನ್ನು ಬಿಟ್ಟಿಲ್ಲವೆಂದು ಈತ ವೇದಿಕೆಯಿಂದಲೇ ಹೇಳಿದ್ದಾನೆ. ವಿಯಟ್ನಾಮ್ ಯೋಧರ ಸಂಘವು ಹಣವಿಲ್ಲದೆ ಮುಚ್ಚುವ ಸ್ಥಿತಿಯಲ್ಲಿದ್ದಾಗ, 1981ರ ಆಗಸ್ಟಿನಲ್ಲಿ, ಲಾಸ್ ಏಂಜಲೀಸ್ ನಗರದಲ್ಲಿ ಅದಕ್ಕಾಗಿಯೇ ಹಾಡಿ ಹಣ ಕೂಡಿಸಿಕೊಟ್ಟ. ಹೋಗದವನು ಹೋದವರ ಋಣವನ್ನು ನೆನೆದ. ಪೂರ್ತಿ ತೀರಿಸಿದನೆಂದಲ್ಲ, ಮರೆಯಲಿಲ್ಲ.

ಬೆಲೆ ತೆತ್ತ ಸಂದರ್ಭವೂ ಒಂದಿದೆ. 1999ರ ಫೆಬ್ರವರಿ 4ರಂದು ನ್ಯೂಯಾರ್ಕ್ ನಗರದಲ್ಲಿ ಅಮಾಡು ಡಿಯಾಲೊ ಎಂಬ, ಕೈಯಲ್ಲಿ ಆಯುಧವಿಲ್ಲದ ತರುಣನ ಮೇಲೆ ನಾಲ್ವರು ಪೊಲೀಸರು 41 ಗುಂಡು ಹಾರಿಸಿ ಕೊಂದರು. ಮರುವರ್ಷ ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿತು. 2000ದ ಜೂನ್ ತಿಂಗಳಲ್ಲಿ ಈತ ಅದನ್ನು ಕುರಿತ ‘ಅಮೆರಿಕನ್ ಸ್ಕಿನ್’ ಎಂಬ ಹಾಡನ್ನು ಹಾಡಿದ. ಆತನ ಕೇಳುಗರಲ್ಲಿ ಪೊಲೀಸರು, ಪೊಲೀಸರ ಮಕ್ಕಳು ಬೇಕಾದಷ್ಟು ಮಂದಿ. ನ್ಯೂಯಾರ್ಕಿನ ಪೊಲೀಸ್ ಸಂಘದ ಮುಖ್ಯಸ್ಥರು ಆತನ ಕಚೇರಿಗಳನ್ನು ಬಹಿಷ್ಕರಿಸಲು ಕರೆಕೊಟ್ಟರು. ಸೋಜಿಗವೆಂದರೆ ಆ ಹಾಡಿನಲ್ಲಿ ಪೊಲೀಸನೂ ರಾಕ್ಷಸನಲ್ಲ. ಬಿದ್ದವನ ಪಕ್ಕದಲ್ಲಿ ಮಂಡಿಯೂರಿ ಅವನ ಜೀವಕ್ಕಾಗಿ ಬೇಡಿಕೊಳ್ಳುವ ಮನುಷ್ಯ. ಶಾಲೆಗೆ ಹೊರಟ ಮಗನಿಗೆ, ಪೊಲೀಸರು ತಡೆದರೆ ಹೇಗೆ ನಡೆದುಕೊಳ್ಳಬೇಕೆಂದು ಬುದ್ಧಿ ಹೇಳುವ ತಾಯಿಯೂ ಅಲ್ಲಿದ್ದಾಳೆ. ತನ್ನವರ ಕೋಪವನ್ನು ಕಟ್ಟಿಕೊಂಡು, ಆದರೆ ಯಾರನ್ನೂ ಚಿಕ್ಕವರನ್ನಾಗಿ ಮಾಡದೆ ಹಾಡುವುದು ಸಾಮಾನ್ಯದ ಮಾತಲ್ಲ.

ಇಷ್ಟಾದ ಮೇಲೆ, ಆತನ ವಿರುದ್ಧ ನನಗೆ ಎಲ್ಲಕ್ಕಿಂತ ಕಠಿಣವಾಗಿ ತೋರುವ ಸಂಗತಿಗೆ ಬರುತ್ತೇನೆ. 2022ರ ಜುಲೈ ತಿಂಗಳಲ್ಲಿ ಮುಂದಿನ ಸಂಚಾರದ ಟಿಕೆಟ್ಟುಗಳ ಮಾರಾಟ ಶುರುವಾಯಿತು. ಬೇಡಿಕೆ ಏರಿದಂತೆ ಬೆಲೆಯೂ ತಾನಾಗಿ ಏರುವ ವ್ಯವಸ್ಥೆ. ಕೆಲವು ಟಿಕೆಟ್ಟುಗಳ ಬೆಲೆ 5000 ಡಾಲರಿನವರೆಗೂ ಹೋಯಿತು. ಹಾಡಿನಲ್ಲಿದ್ದ ಗಿರಣಿಯವನು ಬಾಗಿಲಾಚೆ ನಿಂತ. ಕೇಳಿದವರಿಗೆ ಈತ ಕೊಟ್ಟ ಉತ್ತರದ ಸಾರ: ಇಷ್ಟು ವರ್ಷ ಕಡಿಮೆ ಬೆಲೆಗೆ ಹಾಡಿದ್ದೇನೆ, ಈ ಸಲ ಉಳಿದವರು ಮಾಡಿದಂತೆ ಮಾಡಿದೆ, ಆ ಹಣ ಕಾಳಸಂತೆಯವನಿಗೆ ಹೋಗುವ ಬದಲು ಬೆವರು ಸುರಿಸುವ ನಮಗೆ ಬರಲಿ. ತರ್ಕ ಸರಿಯಾಗಿದೆ, ಯಾವ ಅಂಗಡಿಯವನೂ ಒಪ್ಪುವ ತರ್ಕ. 1980ರಿಂದ ಆತನಿಗಾಗಿಯೇ ನಡೆದುಬಂದಿದ್ದ ‘ಬ್ಯಾಕ್‌ಸ್ಟ್ರೀಟ್ಸ್’ ಎಂಬ ಅಭಿಮಾನಿಗಳ ಪತ್ರಿಕೆ, 43 ವರ್ಷಗಳ ಬಳಿಕ, 2023ರ ಫೆಬ್ರವರಿಯಲ್ಲಿ ಬಾಗಿಲು ಮುಚ್ಚುವುದಾಗಿ ಸಾರಿತು. ಟಿಕೆಟ್ಟಿನ ಪ್ರಕರಣದಿಂದ ಮನಸ್ಸು ಮುರಿದುದೇ ಕಾರಣ.

ಆ ಪತ್ರಿಕೆಯವರು ಆತನನ್ನು ತೂಗಿದ್ದು ಯಾವ ತಕ್ಕಡಿಯಲ್ಲಿ? ಹೊರಗಿನಿಂದ ತಂದ ನೀತಿಶಾಸ್ತ್ರದಲ್ಲಲ್ಲ, ಆತನ ಹಾಡುಗಳಲ್ಲೇ. ನಾಲ್ಕು ದಶಕ ಆ ಹಾಡುಗಳನ್ನು ಕೇಳಿ ಅವರು ನ್ಯಾಯಾನ್ಯಾಯದ ಒಂದು ಕಿವಿಯನ್ನು ಬೆಳೆಸಿಕೊಂಡಿದ್ದರು. ಹಾಡಿದವನೇ ತಪ್ಪಿದಾಗ ಆ ಕಿವಿಗೆ ಅದು ಕೇಳಿಸಿತು. ಬೇರೆ ಎಷ್ಟೋ ತಾರೆಯರು ಇದಕ್ಕಿಂತ ದುಬಾರಿ ಬೆಲೆಗೆ ಹಾಡಿದ್ದಾರೆ. ಯಾರ ಎದೆಯೂ ಒಡೆದಿಲ್ಲ. ಅವರ ಹಾಡಿನಲ್ಲಿ ಅವರನ್ನು ತೂಗುವ ಬಟ್ಟೇ ಇರಲಿಲ್ಲ. ನನ್ನ ಅಭಿಪ್ರಾಯ ಇಷ್ಟು: ತನ್ನನ್ನೂ ಬಿಡದೆ ತೂಗುವಂಥ ತಕ್ಕಡಿಯನ್ನು ಮಾಡಿ ಜನರ ಕೈಗೆ ಕೊಟ್ಟವನು ದೊಡ್ಡ ಕಲಾವಿದ. ಆ ತಕ್ಕಡಿಯಲ್ಲಿ ಆತ ಒಮ್ಮೊಮ್ಮೆ ಕಡಿಮೆ ತೂಗಬಹುದು. ಕಡಿಮೆ ತೂಗಿದಾಗ ಅದು ನಮಗೆ ತಿಳಿಯುವುದೂ ಆತ ಕೊಟ್ಟ ತಕ್ಕಡಿಯಿಂದಲೇ.

ಹಾಗಾದರೆ ನುಡಿದಂತೆ ನಡೆಯದವನೆಲ್ಲ ದೊಡ್ಡವನೋ ಎಂದು ಯಾರಾದರೂ ಕೇಳಿಯಾರು. ಅಲ್ಲ. ಡಾಂಭಿಕನ ಲಕ್ಷಣ ತಕ್ಕಡಿಯನ್ನು ಮರೆಮಾಚುವುದು. ಸ್ಪ್ರಿಂಗ್‌ಸ್ಟೀನನು 2017ರ ಅಕ್ಟೋಬರಿನಿಂದ 2018ರ ಡಿಸೆಂಬರಿನವರೆಗೆ ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರದಲ್ಲಿ 236 ಪ್ರದರ್ಶನ ಕೊಟ್ಟ. ಅಲ್ಲಿ, ತಾನು ಕಾರ್ಖಾನೆಯ ಒಳಗನ್ನೇ ಕಂಡವನಲ್ಲ, ಆದರೂ ಬರೆದುದೆಲ್ಲ ಅದನ್ನೇ ಎಂದು ಕೇಳುಗರ ಮುಂದೆ ಬಿಚ್ಚಿ ಹೇಳಿದ. ತೊಟ್ಟಿದ್ದ ಅಂಗಿ ತಂದೆಯದೆಂದು ಒಪ್ಪಿಕೊಂಡಂತಾಯಿತು. ಒಪ್ಪಿಕೊಂಡ ಮಾತ್ರಕ್ಕೆ ಸಾಲ ತೀರುವುದಿಲ್ಲ, ನಿಜ. ಮಂದಿ ನಗುವಂತೆ ಹೇಳಿದ ಒಪ್ಪಿಗೆಯಲ್ಲಿ ಸ್ವಲ್ಪ ಜಾಣತನವೂ ಇದ್ದೀತು. ಆದರೂ ಪತ್ರವನ್ನು ಹರಿದುಹಾಕಿದವನಿಗೂ ಸಾಲವುಂಟೆಂದು ಸಭೆಯಲ್ಲಿ ಓದಿ ಹೇಳಿದವನಿಗೂ ಅಂತರವಿದೆ.

ಶರಣರಿಗೂ ಹಾಡುಗಾರರಿಗೂ ನಾವು ಒಂದೇ ಪದವಿಯನ್ನು ಕೊಡಹೊರಡುವುದರಿಂದ ಈ ಗೊಂದಲವೆಲ್ಲ ಹುಟ್ಟುತ್ತದೆ. ಶರಣರಲ್ಲಿ ನಡೆಯೇ ಕೃತಿ. ನುಡಿ ಅದರ ನೆರಳು. ಹಾಡುಗಾರನಲ್ಲಿ ಹಾಡೇ ಕೃತಿ. ಆತನ ನಡತೆಯನ್ನು ಪ್ರಶ್ನಿಸುವ ಹಕ್ಕು ನಮಗಿದೆ. ದೊಡ್ಡವನೆಂದ ಮಾತ್ರಕ್ಕೆ 5000 ಡಾಲರಿನ ಟಿಕೆಟ್ಟನ್ನು ಮನ್ನಿಸಬೇಕಾಗಿಲ್ಲ. ಅಭಿಮಾನವೆಂದರೆ ಲೆಕ್ಕ ಕೇಳದಿರುವುದು ಎಂದು ತಿಳಿದವರಿಂದ ಯಾವ ಕಲಾವಿದನಿಗೂ ಉಪಕಾರವಾಗಿಲ್ಲ.

ಸ್ಪ್ರಿಂಗ್‌ಸ್ಟೀನನ ಎಲ್ಲ ಹಾಡುಗಳಿಗೂ ಈ ಮಾತು ಸಲ್ಲದು. ಕಾರು, ಹುಡುಗಿ, ಹೆದ್ದಾರಿ ಎಂದು ಮೂರನ್ನೇ ತಿರುತಿರುಗಿ ಹಾಡಿದ ಎಷ್ಟೋ ಹಾಡುಗಳು ಕಾಲ ಕಳೆದಂತೆ ಮಸುಕಾಗುತ್ತವೆ, ಆಗಬೇಕಾದುದೇ. ಉಳಿಯತಕ್ಕವು ಹತ್ತೋ ಹದಿನೈದೋ ಇರಬಹುದು. ಒಬ್ಬ ಮನುಷ್ಯನಿಂದ ಅಷ್ಟು ದೊರೆತರೆ ಕಡಿಮೆಯಲ್ಲ. ಆ ಕೆಲವಕ್ಕಾಗಿ ನಾನು ಆತನಿಗೆ ‘ದೊಡ್ಡವನು’ ಎಂಬ ಮಾತನ್ನು ಕೊಡುತ್ತೇನೆ, ಕೋಸಂಬರಿಯಂತಲ್ಲ, ಎಣಿಸಿ ಕೊಡುತ್ತೇನೆ. ನನ್ನ ಸ್ನೇಹಿತರು ಇನ್ನೂ ಒಪ್ಪಿಲ್ಲ. ಶ್ರುತಿಯ ವಿಷಯದಲ್ಲಿ ಅವರೊಡನೆ ನನಗೆ ವಾದವಿಲ್ಲ. ‘ಫ್ಯಾಕ್ಟರಿ’ ಹಾಡನ್ನು ಮಾತ್ರ ಅವರು ಇನ್ನೊಮ್ಮೆ ಹಾಕಿಸಿ ಕೇಳಿದರು, ಏನೂ ಹೇಳಲಿಲ್ಲ.